ಸಂಸತ್ತು ಮಾಡಿದ ತಿದ್ದುಪಡಿಯನ್ನು ಕೋರ್ಟು ರದ್ದು ಮಾಡಬಹುದೇ?

ಪರ: ಮಾಡಬಹುದು, ಮಾಡಲೇಬೇಕು

ಕಾಸರಗೋಡಿನ ಹತ್ತಿರ ಎಡನೀರು ಅಂತ ಒಂದು ಊರಿದೆ. ಇರುವುದು ಕೇರಳದಲ್ಲಿ, ಕಿವಿಗೆ ಬೀಳುವುದು ಕನ್ನಡ, ತುಳು. ಅಲ್ಲಿನ ಮಠದ ಕೇಶವಾನಂದ ಭಾರತೀ ಸ್ವಾಮಿಗಳು 1970ರಲ್ಲಿ ಜಮೀನಿನ ವಿಷಯಕ್ಕೆ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು ತೀರ್ಪು ಬಂತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು, ಅಂದರೆ ಅದು ನಿಂತಿರುವ ಬುನಾದಿಯನ್ನು, ಕೆಡಿಸುವಂತಿಲ್ಲ.

ಯಾಕೆ ಕೆಡಿಸಬಾರದು ಅಂತ ಕೇಳುವವರಿಗೆ ನನ್ನದು ಯಾವಾಗಲೂ ಒಂದೇ ಉತ್ತರ. 1975 ನೆನಪು ಮಾಡಿಕೊಳ್ಳಿ.

ಜೂನ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ಆಯ್ಕೆ ಅಸಿಂಧು ಅಂದಿತು. ತುರ್ತು ಪರಿಸ್ಥಿತಿ ಬಂತು. ವಾಜಪೇಯಿ, ಅಡ್ವಾಣಿಯವರನ್ನು ನಮ್ಮ ಬೆಂಗಳೂರಿನಲ್ಲೇ ಹಿಡಿದು ಜೈಲಿಗೆ ಹಾಕಿದರು. ಆಗಸ್ಟ್‌ನಲ್ಲಿ 39ನೇ ತಿದ್ದುಪಡಿ. ಪ್ರಧಾನಿಯ ಚುನಾವಣೆಯನ್ನು ಯಾವ ಕೋರ್ಟೂ ಕೇಳುವಂತಿಲ್ಲವಂತೆ! ಲೋಕಸಭೆಯಲ್ಲಿ ಒಂದು ದಿನ, ರಾಜ್ಯಸಭೆಯಲ್ಲಿ ಮಾರನೇ ದಿನ ಪಾಸಾಯಿತು. ಅದನ್ನು ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೊಡೆದು ಹಾಕಿತು. ಎಡನೀರಿನ ತೀರ್ಪು ಇಲ್ಲದಿದ್ದರೆ ಯಾವ ಆಧಾರದ ಮೇಲೆ ಹೊಡೆಯುತ್ತಿತ್ತು ಹೇಳಿ?

ಅಷ್ಟಕ್ಕೇ ನಿಲ್ಲಲಿಲ್ಲ. 1976ರ 42ನೇ ತಿದ್ದುಪಡಿ, ಇನ್ನು ಮುಂದೆ ಯಾವ ತಿದ್ದುಪಡಿಯನ್ನೂ ಕೋರ್ಟಿನಲ್ಲಿ ಪ್ರಶ್ನಿಸಬೇಡಿ ಅಂದಿತು. ಬೆಂಗಳೂರಿನ ಮಿನರ್ವಾ ಮಿಲ್ಸ್ ಕೇಸಿನಲ್ಲಿ, 1980ರಲ್ಲಿ, ಅದೂ ಬಿತ್ತು. ಬೇಲಿಯೇ ಎದ್ದು ಹೊಲ ಮೇಯುವಾಗ ಓಡಿಸುವವರು ಬೇಕು ತಾನೇ? ವೋಟು ಹಾಕಿದ ಮೇಲೆ ಮನೆಯ ಬೀಗದ ಕೈಯನ್ನೂ ಕೊಟ್ಟು ಸುಮ್ನೆ ಕೂರಬೇಕು ಅನ್ನುವವರ ಜೊತೆ ನನಗೆ ವಾದವೇ ಬೇಡ.

ಈ ತೀರ್ಪು ಬರೆದವರು ಬೆಲೆ ತೆತ್ತಿದ್ದಾರೆ. ಕಾರ್ಕಳ ತಾಲೂಕಿನ ಕೆ.ಎಸ್. ಹೆಗ್ಡೆಯವರು 13 ಜನರ ಪೈಕಿ ಇದರ ಪರ ನಿಂತ ಏಳು ನ್ಯಾಯಮೂರ್ತಿಗಳಲ್ಲಿ ಒಬ್ಬರು. ತೀರ್ಪು ಬಂದ ಕೂಡಲೇ ಅವರನ್ನೂ ಇನ್ನಿಬ್ಬರು ಹಿರಿಯರನ್ನೂ ದಾಟಿ, ಕಿರಿಯರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು. ಕರಾವಳಿಯ ನಾವು ಈ ಹೆಸರನ್ನು ನಮ್ಮ ಮಕ್ಕಳಿಗೆ ಹೇಳಿಕೊಡುತ್ತಿಲ್ಲ ಅನ್ನುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ವಿರೋಧ: ಒಬ್ಬರ ವ್ಯತ್ಯಾಸ

ವಿರೋಧ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಕೋರ್ಟೇ ಬೇಡ ಅನ್ನುವವನು ನಾನಲ್ಲ. ಆದರೂ ಹೇಳಬೇಕಾದದ್ದು ಇದೆ.

‘ಮೂಲ ರಚನೆ’ ಅನ್ನುವ ಮಾತು ಸಂವಿಧಾನದಲ್ಲಿ ಎಲ್ಲೂ ಇಲ್ಲ. ಏಳು ಜನ ಹೌದು ಅಂದರು, ಆರು ಜನ ಒಪ್ಪಲಿಲ್ಲ. ಒಬ್ಬರು ಆಚೆ ಹೋಗಿದ್ದರೆ? 2014ರಲ್ಲಿ ನ್ಯಾಯಾಧೀಶರ ನೇಮಕಕ್ಕೆ ಆಯೋಗ ಬೇಕೆಂದು ಸಂಸತ್ತಿನ ಎರಡೂ ಸದನಗಳು 99ನೇ ತಿದ್ದುಪಡಿ ತಂದವು. ಅರ್ಧಕ್ಕಿಂತ ಜಾಸ್ತಿ ರಾಜ್ಯಗಳು ಒಪ್ಪಿದವು. ಮರುವರ್ಷ ನಾಲ್ಕು ನ್ಯಾಯಮೂರ್ತಿಗಳು ಸೇರಿ ರದ್ದು ಮಾಡಿದರು, ಐದನೆಯವರು ಒಪ್ಪಲಿಲ್ಲ. ತಮ್ಮದೇ ನೇಮಕದ ವಿಷಯಕ್ಕೆ ತಾವೇ ತೀರ್ಪು ಕೊಡುವುದು ಸರಿಯಾ? ತುರ್ತು ಪರಿಸ್ಥಿತಿಯ ಮಾತು ಬೇರೆ, ಅದನ್ನು ಇಲ್ಲಿ ಎಳೆಯುವುದಿಲ್ಲ.

ನನಗೆ ಕಾಡುವುದು ಇನ್ನೊಂದು. ಎಡನೀರಿನ ಕೇಸು ಭೂಸುಧಾರಣೆಯ ವಿರುದ್ಧದ ಕೇಸು. ನಮ್ಮ ಅಜ್ಜ ಗೇಣಿಗೆ ಗದ್ದೆ ಮಾಡುತ್ತಿದ್ದವರು. 1974ರಲ್ಲಿ ದೇವರಾಜ ಅರಸು ಸರ್ಕಾರ ‘ಉಳುವವನೇ ಹೊಲದೊಡೆಯ’ ಅಂದಾಗ ಅಜ್ಜ ಗದ್ದೆ ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಫಾರಂ ನಂಬರ್ 7 ಹಾಕಿದರು. ಭೂ ನ್ಯಾಯಮಂಡಳಿ (ಟ್ರಿಬ್ಯೂನಲ್) ಗದ್ದೆ ಕೊಟ್ಟಿತು. ಧಣಿ ಕೋರ್ಟಿನಿಂದ ತಡೆಯಾಜ್ಞೆ ತಂದರು. ಅಲ್ಲಿಂದ ಶುರುವಾಯಿತು ನೋಡಿ, ವಾಯಿದೆ ಮೇಲೆ ವಾಯಿದೆ. ಗೇಣಿ ರಸೀದಿಗಳನ್ನು ಬೈರಾಸಿನಲ್ಲಿ ಸುತ್ತಿ, ಬೆಳಗಿನ ಮೊದಲ ಬಸ್ಸು ಹತ್ತುತ್ತಿದ್ದರು. ಮಳೆಗಾಲದಲ್ಲಿ ಒಮ್ಮೆ ಅವು ಒದ್ದೆಯಾಗಿ, ಅಜ್ಜಿ ಒಲೆಯ ಕಟ್ಟೆಯ ಮೇಲೆ ಒಂದೊಂದೇ ಹರಡಿ ಒಣಗಿಸಿದ್ದರಂತೆ. ಶಾಯಿ ಹರಡಿದ ಆ ರಸೀದಿಗಳು ಈಗಲೂ ನಮ್ಮಲ್ಲಿವೆ.

ಪಹಣಿಯ 9ನೇ ಕಾಲಂನಲ್ಲಿ, ಅಂದರೆ ಒಡೆಯರ ಹೆಸರಿನ ಜಾಗದಲ್ಲಿ, ಕೊನೆಗೂ ಹೆಸರು ಬಂತು. ಅಪ್ಪನದು. ಅಜ್ಜ ಆಗ ಇರಲಿಲ್ಲ.