ಎಲೆ ಉದುರಿದರೆ ಕಾಡು ಖಾಲಿ ಆಗುತ್ತದೆಯೇ?

ಬೇಸಿಗೆ ಬಂತೆಂದರೆ ಉಪಗ್ರಹದ ಚಿತ್ರ ಹಾಕಿ "ನಮ್ಮ ಚಿತ್ರದುರ್ಗದಲ್ಲಿ ಕಾಡೆಲ್ಲಿದೆ ಸ್ವಾಮಿ?" ಅಂತ ಕೊರಗುವವರು ಜಾಸ್ತಿ. ನನ್ನ ತಕರಾರು ಇರುವುದೇ ಇಲ್ಲಿ. ಮಾರ್ಚ್ ಹೊತ್ತಿಗೆ ಊರ ಪಕ್ಕದ ಜೋಗಿಮಟ್ಟಿ ಕಾಡಿನ ಎಷ್ಟೋ ಮರಗಳು ಎಲೆ ಉದುರಿಸಿ ನಿಂತಿರುತ್ತವೆ. ಚಿತ್ರದಲ್ಲಿ ಬರೀ ಬೋಳು ಗುಡ್ಡ. ಕಾಂಡ, ಕೊಂಬೆ, ಬೇರು ಎಲ್ಲೂ ಹೋಗಿಲ್ಲ ಅಲ್ವಾ? ಕಾಡಿನ ತೂಕ, ಅಂದರೆ ಬಯೋಮಾಸ್, ಇರುವುದೇ ಅಲ್ಲಿ. ಒಣ ಮರದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ಇಂಗಾಲ.

ಅತ್ತ ಚನ್ನಗಿರಿಯ ಅಡಿಕೆ ತೋಟ ವರ್ಷವಿಡೀ ಹಸಿರು. ದೇಶದ ಅರಣ್ಯ ಸಮೀಕ್ಷೆಯಲ್ಲಿ ಒಂದು ಹೆಕ್ಟೇರಿಗಿಂತ ದೊಡ್ಡ ಜಾಗದ ಶೇ 10ಕ್ಕಿಂತ ಹೆಚ್ಚು ಭಾಗವನ್ನು ಮರದ ತಲೆ ಮುಚ್ಚಿದ್ದರೆ ಅದು ಅರಣ್ಯ ಹೊದಿಕೆ. ಜಮೀನು ಯಾರದು, ಮರ ಯಾವುದು ಎಂದು ಕೇಳುವುದಿಲ್ಲ. ಹಾಗಾಗಿ ಅಡಿಕೆ ತೋಟವೂ ಅರಣ್ಯದ ಲೆಕ್ಕಕ್ಕೆ ಸೇರುತ್ತದೆ. ಅಡಿಕೆಯವರ ಮೇಲೆ ನನಗೇನೂ ಸಿಟ್ಟಿಲ್ಲ, ಲೆಕ್ಕದ ಮೇಲಷ್ಟೇ.

ಈಗ ರೇಡಾರ್ ಬಂದಿದೆ. ಅದು ರೇಡಿಯೊ ಅಲೆ ಕಳಿಸಿ, ಎಷ್ಟು ವಾಪಸ್ ಬಂತು ಎಂಬುದನ್ನು ಹೊಳಪಾಗಿ ತೋರಿಸುತ್ತದೆ. 2025ರ ಏಪ್ರಿಲ್‌ನಲ್ಲಿ ಯುರೋಪಿನ ಬಯೋಮಾಸ್ ಉಪಗ್ರಹ ಹಾರಿತು. ಜುಲೈ 30ರಂದು ಶ್ರೀಹರಿಕೋಟಾದಿಂದ ನಾಸಾ-ಇಸ್ರೋ ಜಂಟಿಯ ನಿಸಾರ್. ಬಯೋಮಾಸ್‌ನ ರೇಡಾರ್ ಅಲೆ ಸುಮಾರು 70 ಸೆಂಟಿಮೀಟರ್ ಉದ್ದ. ಎಲೆಗಳನ್ನು ದಾಟಿ ಕಾಂಡಕ್ಕೆ ಬಡಿದು ವಾಪಸ್ ಬರುತ್ತದೆ. ನಿಸಾರ್‌ನ ಎರಡು ಅಲೆಗಳಲ್ಲಿ ಉದ್ದದ್ದಾದ ಎಲ್ ಬ್ಯಾಂಡ್ ಅಲೆ ಸುಮಾರು 24 ಸೆಂಟಿಮೀಟರ್. ಕಾಡಿನ ತೂಕ ಹೆಕ್ಟೇರಿಗೆ ನೂರು ಟನ್ ದಾಟುತ್ತಿದ್ದಂತೆ ಇದರ ಕಣ್ಣು ಮಂದವಾಗತೊಡಗುತ್ತದೆ. ಅಮೆಜಾನ್‌ಗೆ ಇದು ದೊಡ್ಡ ತಲೆನೋವು. ನಮ್ಮ ಕುರುಚಲು ಕಾಡಿಗೆ ಇಷ್ಟು ಧಾರಾಳ ಸಾಕು!

ನಮ್ಮ ತೊಂದರೆಯೇ ಬೇರೆ. ಇಲ್ಲಿ ಮರ ವಿರಳ, ಬಂಡೆ ಜಾಸ್ತಿ. ಬಂಡೆಯೂ ಅಲೆಯನ್ನು ಹಿಂದಕ್ಕೆ ಎಸೆಯುತ್ತದೆ. ಉಪಗ್ರಹದ ಕಡೆ ಮುಖ ಮಾಡಿದ ಇಳಿಜಾರು ಸುಮ್ನೆ ಹೊಳೆಯುತ್ತದೆ. ಒಂದು ಮಳೆ ಬಿದ್ದು ನೆಲ ನೆಂದರೂ ಹೊಳಪು ಏರುತ್ತದೆ. ಮರ ಬೆಳೆದಿದ್ದಕ್ಕೋ ಮಣ್ಣು ಹಸಿಯಾಗಿದ್ದಕ್ಕೋ ಎಂದು ಬಿಡಿಸಿ ಹೇಳುವುದು ಕಷ್ಟ.

ಇಷ್ಟಕ್ಕೂ ಉಪಗ್ರಹ ತೂಕ ಹಾಕುವುದಿಲ್ಲ. ಅದು ಕೊಡುವುದು ಹೊಳಪಿನ ಅಂಕಿ. ಅದನ್ನು ಟನ್ನಿಗೆ ತಿರುಗಿಸಲು ಯಾರೋ ಕಾಡಿಗೆ ಹೋಗಿ, ನೆಲದಿಂದ 1.3 ಮೀಟರ್ ಎತ್ತರದಲ್ಲಿ ಮರದ ಸುತ್ತಳತೆ ತೆಗೆದಿರಬೇಕು. ಎತ್ತರ ಬೇಕು, ಜಾತಿಯೂ ಗೊತ್ತಿರಬೇಕು. ದಿಂಡಿಗ ಗಟ್ಟಿ, ಮುತ್ತುಗ ಹಗುರ. ಒಂದೇ ದಪ್ಪ ಇದ್ದರೂ ತೂಕ ಬೇರೆ. ಮಲೆನಾಡಿನ ಮರ ಅಳೆದು ಮಾಡಿದ ಸೂತ್ರವನ್ನು ಹಾಗೇ ನಮ್ಮ ಗುಡ್ಡಕ್ಕೆ ಹಾಕಿದರೆ ಬರುವ ಅಂಕಿಯನ್ನು ನಾನಂತೂ ನಂಬುವುದಿಲ್ಲ.

ನಿಸಾರ್ ಮಾಹಿತಿ ಯಾರಿಗಾದರೂ ಉಚಿತ. ಕೊರತೆ ಇರುವುದು ನೆಲದ ಅಳತೆಗೆ. ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳ ಬಾಟನಿ ವಿದ್ಯಾರ್ಥಿಗಳು ಅರಣ್ಯ ಇಲಾಖೆಯ ಅನುಮತಿ ಪಡೆದು, ಜೋಗಿಮಟ್ಟಿಯಲ್ಲೂ ಜಗಳೂರಿನ ರಂಗಯ್ಯನದುರ್ಗದಲ್ಲೂ ಟೇಪು ಹಿಡಿದು ಓಡಾಡಲಿ. ಎಲೆ ಇಲ್ಲದ ಮರವನ್ನೂ ತೊಗಟೆ ನೋಡಿ ಗುರುತಿಸುವ ಕುರಿಗಾಹಿಯೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ದಿನದ ಕೂಲಿ ಕೊಟ್ಟು, ವರದಿಯಲ್ಲಿ ಅವರ ಹೆಸರನ್ನೂ ಹಾಕಿ.