ಆಗಸ್ಟ್ 15ರಂದು ನಮ್ಮೂರಿನಲ್ಲಿ ಏನಾಗಿತ್ತು?

ನಮ್ಮೂರು ಕೊಪ್ಪಳ ತಾಲ್ಲೂಕಿನ ಪಡುವಣ ಅಂಚಿನಲ್ಲಿದೆ. ಅಲ್ಲಿಂದ ಮುಂಡರಗಿ ಬಹಳ ದೂರವೇನಲ್ಲ. ಆದರೆ 1947ರಲ್ಲಿ ಆ ದಾರಿಯ ನಡುವೆ ಒಂದು ಗಡಿಯಿತ್ತು. ಮುಂಡರಗಿ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು, ನಮ್ಮೂರು ಹೈದರಾಬಾದ್ ನಿಜಾಮನ ರಾಜ್ಯಕ್ಕೆ. ಆ ವರ್ಷದ ಆಗಸ್ಟ್ 15ರಂದು ಗಡಿಯ ಆಚೆ ತ್ರಿವರ್ಣ ಧ್ವಜ ಏರಿತು. ಈಚೆ ಅದನ್ನು ಏರಿಸಹೊರಟವರು ಜೈಲು ಸೇರಿದರು.

ನಮ್ಮಜ್ಜಿಗೆ ಆಗ ಒಂಬತ್ತೋ ಹತ್ತೋ ವರ್ಷ. ನಿಜಾಮನ ಪರವಾಗಿ ಹೋರಾಡುತ್ತಿದ್ದ ಖಾಸಗಿ ಪಡೆಯಾದ ರಜಾಕಾರರ ಹಾವಳಿ ಹೆಚ್ಚಾದಾಗ ಮನೆಯವರೆಲ್ಲ ಬಿತ್ತನೆ ಜೋಳದ ಚೀಲವೊಂದನ್ನೂ ಹಾಲು ಕೊಡುವ ಎಮ್ಮೆಯನ್ನೂ ಕಟ್ಟಿಕೊಂಡು ರಾತ್ರಿ ಗಡಿ ದಾಟಿದರಂತೆ. ನಿಜಾಮನ ಆಳ್ವಿಕೆಯ ವಿರುದ್ಧ ಹೋರಾಡಲು ಅಳವಂಡಿಯ ಶಿವಮೂರ್ತಿ ಸ್ವಾಮಿಗಳು ನಡೆಸುತ್ತಿದ್ದ ಮುಂಡರಗಿ ಶಿಬಿರದ ಹುಡುಗರನ್ನು ಅವಳು ಕಂಡದ್ದು ಅಲ್ಲಿಯೇ. ಮುಂದೆ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಆಗಸ್ಟಿನ ಭಾಷಣವನ್ನು ಗಟ್ಟಿಯಾಗಿ ಉರುಹೊಡೆಯುತ್ತಿದ್ದಾಗ ಅವಳು ಅಕ್ಕಿ ಆರಿಸುತ್ತ ಕೂತಲ್ಲಿಂದಲೇ, “ಇದು ಆ ಕಡಿಯವ್ರ ಹಬ್ಬ, ನಮ್ದು ಇನ್ನೂ ಒಂದು ತಿಂಗಳೈತಿ” ಎನ್ನುತ್ತಿದ್ದಳು. ಅಜ್ಜಿಗೆ ಅರಳುಮರಳು ಎಂದುಕೊಂಡಿದ್ದೆ. ಅವಳ ಲೆಕ್ಕ ಸರಿಯಾಗಿಯೇ ಇತ್ತು: 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ರಾಜ್ಯವನ್ನು ಪ್ರವೇಶಿಸಿತು, 17ರಂದು ನಿಜಾಮ ಮಣಿದ. ದೆಹಲಿಗೂ ನಮ್ಮೂರಿಗೂ ನಡುವೆ 399 ದಿನಗಳ ಅಂತರ.

ಮೈಸೂರಿನ ಕತೆಯೂ ಪೂರ್ತಿ ನೇರವಲ್ಲ. ಮಹಾರಾಜರು ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಆಗಸ್ಟಿನಲ್ಲೇ ಸಹಿ ಹಾಕಿದ್ದರೂ ಜವಾಬ್ದಾರಿ ಸರ್ಕಾರ ಬೇಕೆಂದು ಜನ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಹೂಡಬೇಕಾಯಿತು. ಆ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿಯ ಹೆಸರು ಮೈಸೂರಿನ ರಾಮಸ್ವಾಮಿ ವೃತ್ತದಲ್ಲಿ ಉಳಿದಿದೆ. ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದದ್ದು ಅಕ್ಟೋಬರಿನಲ್ಲಿ. ಆ ವೃತ್ತದಲ್ಲಿ ದಿನವೂ ಸಿಗ್ನಲ್ಲಿಗೆ ಕಾಯುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿದೆಯೋ ಕಾಣೆ.

ಆಗಸ್ಟ್ 15ನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ನನ್ನ ತಕರಾರು ಇರುವುದು ನಾವು ಅದನ್ನು ಆಚರಿಸುವ ಬಗೆಯ ಮೇಲೆ. ಬೀದರಿನಿಂದ ಚಾಮರಾಜನಗರದವರೆಗೆ ಮಕ್ಕಳ ಬಾಯಲ್ಲಿ ಒಂದೇ ಭಾಷಣ. ‘ಗೌರವಾನ್ವಿತ ಮುಖ್ಯೋಪಾಧ್ಯಾಯರೇ’ ಎಂದು ಶುರುವಾಗಿ ಕೆಂಪುಕೋಟೆಯನ್ನು ಸುತ್ತಿ ‘ಜೈ ಹಿಂದ್’ ಎಂದು ಮುಗಿಯುವ ಅದರಲ್ಲಿ ಊರಿನ ಹೆಸರೊಂದು ಬಿಟ್ಟು ಉಳಿದೆಲ್ಲವೂ ಇರುತ್ತದೆ. ಸ್ವಾತಂತ್ರ್ಯವೆಂಬುದು ಎಲ್ಲೋ ದೂರದಲ್ಲಿ ಯಾರೋ ದೊಡ್ಡವರು ತಂದು ಹಂಚಿದ ಪದಾರ್ಥವೆಂಬ ಭಾವನೆ ಮಗುವಿನಲ್ಲಿ ಹೀಗೆಯೇ ಕೂರುತ್ತದೆ. ಈಸೂರಿನ ಮಗು ತನ್ನೂರಿನ ಐವರು ಗಲ್ಲಿಗೇರಿದ್ದನ್ನು, ವಿದುರಾಶ್ವತ್ಥದ ಮಗು 1938ರ ಗುಂಡೇಟನ್ನು ಹೇಳುವಂತಾದರೆ ಆ ದಿನಕ್ಕೆ ತೂಕ ಬರುತ್ತದೆ.

ನಮ್ಮ ಭಾಗದವರು ಹೀಗೆ ಹೇಳಹೊರಟಾಗ ಇನ್ನೊಂದು ಕಷ್ಟದ ಮಾತನ್ನೂ ಹೇಳಬೇಕಾಗುತ್ತದೆ. ರಜಾಕಾರರು ಸುಟ್ಟ ಊರುಗಳ ನೆನಪು ನಮ್ಮಲ್ಲಿ ಹಸಿಯಾಗಿದೆ, ಬೀದರ್ ಜಿಲ್ಲೆಯ ಗೋರ್ಟಾದ ಹತ್ಯಾಕಾಂಡವನ್ನು ಮರೆತವರಿಲ್ಲ. ಆದರೆ ‘ಪೊಲೀಸ್ ಕಾರ್ಯಾಚರಣೆ’ ಎಂದು ಕರೆಯಲಾದ ಆ ಸೇನಾ ಪ್ರವೇಶದ ಬೆನ್ನಿಗೇ ರಜಾಕಾರರೊಡನೆ ಯಾವ ಸಂಬಂಧವೂ ಇಲ್ಲದ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿ ಕೊಲೆಯಾದರು. ಕೇಂದ್ರ ಸರ್ಕಾರವೇ ಕಳಿಸಿದ್ದ ಪಂಡಿತ ಸುಂದರಲಾಲ್ ಸಮಿತಿ ಹೆಚ್ಚು ನೊಂದ ಜಿಲ್ಲೆಗಳ ಸಾಲಿನಲ್ಲಿ ಗುಲ್ಬರ್ಗಾ, ಬೀದರ್‌ಗಳನ್ನು ಹೆಸರಿಸಿತು; ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಸೆಪ್ಟೆಂಬರ್ 17ಕ್ಕೆ ‘ವಿಮೋಚನಾ ದಿನ’ ಎಂಬ ಹೆಸರು ಹೋಗಿ ಈಗ ‘ಕಲ್ಯಾಣ ಕರ್ನಾಟಕ ಉತ್ಸವ’ ಎಂದಾಗಿದೆ. ವೇದಿಕೆಯ ಮಾತೆಲ್ಲ ಅನುದಾನ, ಕಾಮಗಾರಿಗಳ ಸುತ್ತಲೇ ಇರುತ್ತದೆ. ಎರಡೂ ಕಡೆಯ ಸಾವಿನ ಸುದ್ದಿ ಎತ್ತುವವರಿಲ್ಲ. ಅಜ್ಜಿ ಎತ್ತುತ್ತಿದ್ದಳು. ಗಡಿ ದಾಟುವ ರಾತ್ರಿ ಎಮ್ಮೆಯ ಹಗ್ಗ ಹಿಡಿದು ಹಳ್ಳದವರೆಗೆ ಬಂದವನು ಓಣಿಯ ಪಿಂಜಾರ (ಹತ್ತಿ ಹಿಂಜುವ ಮುಸ್ಲಿಂ) ಮನೆತನದ ಮುದುಕ. ತಿರುಗಿ ಬಂದಾಗ ಅವನ ಮನೆಗೆ ಬೀಗವಿತ್ತು, ಅವರು ಎಲ್ಲಿಗೆ ಹೋದರೆಂದು ಯಾರೂ ಬಾಯಿ ಬಿಡಲಿಲ್ಲ ಎಂದು ಪ್ರತಿ ಸಲವೂ ಅಲ್ಲಿಗೇ ಮಾತು ನಿಲ್ಲಿಸುತ್ತಿದ್ದಳು.

ಕಳೆದ ಆಗಸ್ಟಿನಲ್ಲಿ ಊರಿನ ಶಾಲೆಗೆ ಹೋಗಿದ್ದೆ. ಹಗ್ಗದ ಗಂಟು ಬಿಗಿದು ಬಾವುಟ ಬಿಚ್ಚಿಕೊಳ್ಳಲಿಲ್ಲ; ಏಳನೆಯ ಇಯತ್ತೆಯ ಹುಡುಗನೊಬ್ಬ ಕಂಬ ಹತ್ತಿ ಅದನ್ನು ಸಡಿಲಿಸಿದ. ಬೂಂದಿ ಹಂಚುವಾಗ ಅವನನ್ನು ಕರೆದು, 1947ರಲ್ಲಿ ಈ ದಿನ ಇಲ್ಲಿ ಏನಾಗಿತ್ತು ಎಂದು ಕೇಳಿದೆ. “ಬಾವುಟ ಹಾರ್ಸಿದ್ರು ಸರ್” ಎಂದ. ಇಲ್ಲ ಎಂದೆ. ಅವನು ಬೂಂದಿ ತಿನ್ನುವುದನ್ನು ಬಿಟ್ಟು, “ಮತ್ತ ಯಾಕ ಹಾರಸ್ಲಿಲ್ಲ?” ಎಂದು ಕೇಳಿದ. ಶಾಲೆಯ ಕಟ್ಟೆಯ ಮೇಲೆ ಕೂತು ಅವನಿಗೆ ಎಮ್ಮೆಯಿಂದ ಶುರುಮಾಡಿ ಹೇಳಿದೆ, ಬೀಗ ಹಾಕಿದ ಮನೆಯವರೆಗೆ.