ಕ್ಯಾಶ್‌ಬ್ಯಾಕ್ ಕಾರ್ಡ್: ಪರ್ಸೆಂಟ್ ನೋಡಿ ಮರುಳಾಗಬೇಡಿ

ಕ್ರೆಡಿಟ್ ಕಾರ್ಡ್ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಒಂದೇ. ಖರ್ಚು ಮಾಡಿದ್ದರಲ್ಲಿ ಎಷ್ಟು ಪರ್ಸೆಂಟ್ ಕ್ಯಾಶ್‌ಬ್ಯಾಕ್ ಆಗಿ ವಾಪಸ್ ಬರುತ್ತದೆ? ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಸ್ವಲ್ಪ ಬೇಸರವಾಗುತ್ತದೆ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಇರುವುದು ಅದೊಂದೇ ಅಂಕಿ. ನಿಮ್ಮ ಕೈಗೆ ನಿಜವಾಗಿ ಎಷ್ಟು ಬರುತ್ತದೆ ಅನ್ನುವುದು ಕೆಳಗಿನ ಸಣ್ಣ ಅಕ್ಷರದಲ್ಲಿ ಇರುತ್ತದೆ. "ತಿಂಗಳಿಗೆ ಗರಿಷ್ಠ ಇಷ್ಟು" ಅಂತ ಒಂದು ಸಾಲು. ಅದನ್ನು ಮೊದಲು ಹುಡುಕಿ.

ಒಂದು ಲೆಕ್ಕ ಹಾಕೋಣ. ಆನ್‌ಲೈನ್ ಖರೀದಿಗೆ 5% ಕೊಡುವ ಕಾರ್ಡ್ ಒಂದಿದೆ ಅಂದುಕೊಳ್ಳಿ. ತಿಂಗಳ ಮಿತಿ 20, ವಾರ್ಷಿಕ ಶುಲ್ಕ 60. ನೀವು ತಿಂಗಳಿಗೆ 1,000 ಖರ್ಚು ಮಾಡುತ್ತೀರಿ. 50 ಬರುತ್ತದೆ ಅಂತ ಮನಸ್ಸು ಲೆಕ್ಕ ಹಾಕಿಬಿಡುತ್ತದೆ. ಬರುವುದು 20 ಮಾತ್ರ. ಖರ್ಚು 400 ತಲುಪಿದ ಕೂಡಲೇ ಮಿತಿ ಮುಗಿಯಿತು, ಆಮೇಲಿನ 600ಕ್ಕೆ ಏನೂ ಇಲ್ಲ. ವರ್ಷಕ್ಕೆ 240 ಬಂತು, ಶುಲ್ಕಕ್ಕೆ 60 ಹೋಯಿತು, ಉಳಿದದ್ದು 180. ಈಗ ಇನ್ನೊಂದು ಕಾರ್ಡ್ ತಗೊಳ್ಳಿ. ಎಲ್ಲದಕ್ಕೂ 1.5%, ಮಿತಿ ಇಲ್ಲ, ಶುಲ್ಕವೂ ಇಲ್ಲ. ತಿಂಗಳಿಗೆ 15, ವರ್ಷಕ್ಕೆ ಅದೇ 180! 5% ಅಂದದ್ದೂ 1.5% ಅಂದದ್ದೂ ಕೊನೆಗೆ ಒಂದೇ ಆಯಿತು.

ಹಾಗಂತ ಮೊದಲನೇ ಕಾರ್ಡ್ ಕೆಟ್ಟದ್ದು ಅಂತಲ್ಲ. ತಿಂಗಳಿಗೆ 400ರ ಆಸುಪಾಸು ಖರ್ಚು ಮಾಡುವವರಿಗೆ ಅದೇ ಲಾಭ. ಅವರಿಗೂ 180 ಉಳಿಯುತ್ತದೆ, ಎರಡನೇ ಕಾರ್ಡಿನಲ್ಲಾದರೆ ಬರೀ 72. ಅದಕ್ಕೇ ಪಕ್ಕದ ಮನೆಯವರಿಗೆ ಒಗ್ಗಿದ ಕಾರ್ಡ್ ನಿಮಗೂ ಒಗ್ಗುತ್ತದೆ ಅನ್ನುವ ಹಾಗಿಲ್ಲ. ಕಾರ್ಡ್ ಹುಡುಕುವ ಮೊದಲು ನಿಮ್ಮ ಹಳೆಯ ಮೂರು ತಿಂಗಳ ಖರ್ಚನ್ನು ಒಂದು ಹಾಳೆ ಮೇಲೆ ಬರೆದುಕೊಳ್ಳಿ. ದಿನಸಿಗೆ ಎಷ್ಟು, ಪೆಟ್ರೋಲಿಗೆ ಎಷ್ಟು, ಬಾಡಿಗೆಗೆ ಎಷ್ಟು, ಆನ್‌ಲೈನ್ ಎಷ್ಟು. ಹಾಳೆ ಎದುರಿಗೆ ಇಟ್ಟುಕೊಂಡು ಷರತ್ತು ಓದಿದರೆ ಅರ್ಧದಷ್ಟು ಕಾರ್ಡುಗಳು ತಾವಾಗೇ ಪಟ್ಟಿಯಿಂದ ಉದುರಿಹೋಗುತ್ತವೆ. ಬಾಡಿಗೆ, ತೆರಿಗೆ, ವಾಲೆಟ್‌ಗೆ ಹಾಕುವ ದುಡ್ಡು ಇವುಗಳಿಗೆ ಎಷ್ಟೋ ಕಾರ್ಡುಗಳು ಕ್ಯಾಶ್‌ಬ್ಯಾಕ್ ಕೊಡುವುದಿಲ್ಲ. ನಿಮ್ಮ ದೊಡ್ಡ ಖರ್ಚು ಅಲ್ಲೇ ಇದ್ದರೆ ಮುಂದಿನ ಮಾತೇ ಬೇಡ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ನೀವು ಏನು ಕೊಂಡಿರಿ ಅಂತ ಸಾಮಾನ್ಯವಾಗಿ ಬ್ಯಾಂಕಿಗೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ಅಂಗಡಿಗೆ ಕೊಟ್ಟಿರುವ ನಾಲ್ಕು ಅಂಕಿಯ ಕೋಡ್. ದಿನಸಿ ಮತ್ತು ಸೂಪರ್‌ಮಾರ್ಕೆಟ್‌ಗೆ 5411, ಪೆಟ್ರೋಲ್ ಬಂಕಿಗೆ 5541, ಊಟದ ಹೋಟೆಲಿಗೆ 5812, ಬಟ್ಟೆಯಿಂದ ಪಾತ್ರೆವರೆಗೆ ಎಲ್ಲ ಮಾರುವ ಡಿಪಾರ್ಟ್‌ಮೆಂಟ್ ಸ್ಟೋರಿಗೆ 5311. ಈಗ ನೋಡಿ, 5311ರ ಅಂಗಡಿಯಲ್ಲಿ ನೀವು ಅಕ್ಕಿ, ಬೇಳೆ, ಎಣ್ಣೆ ಬಿಟ್ಟು ಬೇರೇನೂ ಕೊಳ್ಳದಿದ್ದರೂ ಬ್ಯಾಂಕಿನ ಲೆಕ್ಕದಲ್ಲಿ ಅದು ದಿನಸಿ ಅಲ್ಲ. "ದಿನಸಿಗೆ 5%" ಅನ್ನುವ ಕಾರ್ಡ್ ಅಲ್ಲಿ ಸುಮ್ನೆ ಕೂತಿರುತ್ತದೆ. ನೀವು ಯಾವಾಗಲೂ ಹೋಗುವ ಅಂಗಡಿಯಲ್ಲಿ ಮೊದಲು ಚಿಕ್ಕದೊಂದು ಖರೀದಿ ಮಾಡಿ, ಅದು ಯಾವ ವರ್ಗದಲ್ಲಿ ಬಂತು ಅಂತ ಸ್ಟೇಟ್‌ಮೆಂಟಲ್ಲಿ ನೋಡಿ. ಅಲ್ಲಿ ಕಾಣದಿದ್ದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೇಳಿ, ಅದು ನಿಮ್ಮ ಹಕ್ಕು.

ಈ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದೂ ಗೊತ್ತಿರಬೇಕು. ಪ್ರತಿ ಸಲ ಕಾರ್ಡ್ ಉಜ್ಜಿದಾಗ ಅಂಗಡಿಯವರು ಒಂದು ಶುಲ್ಕ ಕಟ್ಟುತ್ತಾರೆ. ಅದರಲ್ಲಿ ದೊಡ್ಡ ಪಾಲು ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ, ಅದರಲ್ಲೇ ಸ್ವಲ್ಪ ನಿಮಗೆ ಬರುತ್ತದೆ. ಐರೋಪ್ಯ ಒಕ್ಕೂಟ 2015ರಲ್ಲಿ ಬ್ಯಾಂಕಿಗೆ ಹೋಗುವ ಆ ಪಾಲನ್ನು ಸಾಮಾನ್ಯ ಗ್ರಾಹಕರ ಕ್ರೆಡಿಟ್ ಕಾರ್ಡುಗಳಿಗೆ 0.3%ಕ್ಕೆ ಕಟ್ಟಿಹಾಕಿತು. ಅಂಥ ಕಡೆ ದೊಡ್ಡ ಕ್ಯಾಶ್‌ಬ್ಯಾಕ್ ಕೊಡುವುದು ಕಷ್ಟ. ಅಮೆರಿಕದಲ್ಲಿ 1986ರಲ್ಲಿ ಡಿಸ್ಕವರ್ ಕಾರ್ಡ್ ವಾರ್ಷಿಕ ಶುಲ್ಕವಿಲ್ಲದೆ ಖರ್ಚಿನ ಒಂದು ಪಾಲು ವಾಪಸ್ ಕೊಡುತ್ತೇನೆ ಅಂತ ಬಂತು. ಆಮೇಲೆ ಅಲ್ಲಿ ಇದು ದೊಡ್ಡ ಪೈಪೋಟಿಯೇ ಆಯಿತು.

ಆದರೆ ಬ್ಯಾಂಕಿಗೆ ಇನ್ನೊಂದು ದೊಡ್ಡ ಆದಾಯವಿದೆ, ಬಡ್ಡಿ. ನನಗೆ ನಿಜಕ್ಕೂ ಸಂಕಟವಾಗುವುದು ಇಲ್ಲಿ. ವರ್ಷಕ್ಕೆ 24% ಬಡ್ಡಿ ಅಂದರೆ ತಿಂಗಳಿಗೆ 2%. 1.5% ಕ್ಯಾಶ್‌ಬ್ಯಾಕ್ ಗಳಿಸಿದ ಬಿಲ್ಲನ್ನು ಒಂದೇ ಒಂದು ತಿಂಗಳು ಬಾಕಿ ಇಟ್ಟರೆ ಗಳಿಸಿದ್ದೂ ಹೋಯಿತು, ಮೇಲೆ ಕೈಯಿಂದಲೂ ಹೋಯಿತು. ಅಷ್ಟೇ ಅಲ್ಲ, ಬಾಕಿ ಉಳಿಸಿಕೊಂಡರೆ ಬಹಳಷ್ಟು ಕಾರ್ಡುಗಳಲ್ಲಿ ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಶುರು. ಬಿಲ್ಲಿನಲ್ಲಿ "ಕನಿಷ್ಠ ಮೊತ್ತ" ಅಂತ ಇರುತ್ತದಲ್ವಾ, ಅದನ್ನು ಕಟ್ಟಿದರೆ ಲೇಟ್ ಫೀ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಪೂರ್ತಿ ಬಿಲ್ಲು ತಿಂಗಳು ತಿಂಗಳು ಕಟ್ಟಲು ಆಗದವರು ದಯವಿಟ್ಟು ಕ್ಯಾಶ್‌ಬ್ಯಾಕ್ ನೋಡಿ ಕಾರ್ಡ್ ತಗೊಳ್ಳಬೇಡಿ. ಅವರಿಗೆ ಬೇಕಾದದ್ದು ಕಡಿಮೆ ಬಡ್ಡಿ. ಕಟ್ಟುವವರು ಆಟೋ ಪೇ ಇಡುವಾಗ "ಪೂರ್ತಿ ಮೊತ್ತ" ಆರಿಸಿದ್ದೀರಾ ಅಂತ ಇನ್ನೊಂದು ಸಲ ನೋಡಿಕೊಳ್ಳಿ.

ಕ್ಯಾಶ್‌ಬ್ಯಾಕ್ ಅನ್ನುವ ಹೆಸರಲ್ಲಿ ಪಾಯಿಂಟ್ ಕೊಡುವ ಕಾರ್ಡುಗಳೂ ಇವೆ. ಇಷ್ಟು ಪಾಯಿಂಟ್ ಸೇರಿದ ಮೇಲೆ ಮಾತ್ರ ಬಳಸಿ, ಇಂತಿಷ್ಟು ದಿನದೊಳಗೆ ಬಳಸಿ, ಇದೇ ಅಂಗಡಿಯ ವೋಚರ್ ತಗೊಳ್ಳಿ. ನನ್ನ ಮಟ್ಟಿಗೆ ಬಿಲ್ಲಿನಲ್ಲೇ ತಾನಾಗಿ ಕಳೆದುಹೋಗುವುದೇ ಕ್ಯಾಶ್‌ಬ್ಯಾಕ್. ವಿದೇಶಿ ಕರೆನ್ಸಿಯಲ್ಲಿ ಖರ್ಚು ಮಾಡುವವರು ಅದರ ಶುಲ್ಕವನ್ನೂ ನೋಡಿ. 3% ಶುಲ್ಕ ಕೊಟ್ಟು 1.5% ಪಡೆದರೆ ಏನು ಬಂತು?

ನನ್ನ ಅಭಿಪ್ರಾಯ ಕೇಳಿದರೆ, ಹೆಚ್ಚಿನವರಿಗೆ ಶುಲ್ಕವಿಲ್ಲದ, ಎಲ್ಲದಕ್ಕೂ ಒಂದೇ ದರ ಕೊಡುವ ಒಂದು ಕಾರ್ಡ್ ಸಾಕು. ಒಂದೇ ಕಡೆ ಸ್ಥಿರವಾಗಿ ಜಾಸ್ತಿ ಖರ್ಚು ಇದ್ದರೆ ಅದಕ್ಕೆ ಇನ್ನೊಂದು. ಜಾಸ್ತಿ ಕ್ಯಾಶ್‌ಬ್ಯಾಕ್ ಸಿಗುವ ವರ್ಗ ಮೂರು ತಿಂಗಳಿಗೊಮ್ಮೆ ಬದಲಾಗುವ ಕಾರ್ಡುಗಳ ಬೆನ್ನು ಹತ್ತಲು ಎಲ್ಲರಿಗೂ ಪುರುಸೊತ್ತು ಎಲ್ಲಿದೆ?

ಈಗಾಗಲೇ ಇರುವ ಕಾರ್ಡ್ ಲೆಕ್ಕಕ್ಕೆ ಬರುತ್ತಿಲ್ಲ ಅನಿಸಿದರೆ ವಾರ್ಷಿಕ ಶುಲ್ಕ ಬೀಳುವ ಮುಂಚೆಯೇ ಫೋನ್ ಮಾಡಿ. ಶುಲ್ಕ ಮನ್ನಾ ಮಾಡುತ್ತೀರಾ, ಶುಲ್ಕವಿಲ್ಲದ ಕಾರ್ಡಿಗೆ ಬದಲಾಯಿಸುತ್ತೀರಾ ಅಂತ ನೇರವಾಗಿ ಕೇಳಿ. ಎಷ್ಟೋ ಸಲ ಒಪ್ಪುತ್ತಾರೆ. ಒಪ್ಪದಿದ್ದರೆ ಕಾರ್ಡ್ ಮುಚ್ಚಿಸಿ, ಆದರೆ ಅದಕ್ಕೂ ಮೊದಲು ಖಾತೆಯಲ್ಲಿ ಕೂತಿರುವ ಕ್ಯಾಶ್‌ಬ್ಯಾಕ್ ಬಿಲ್ಲಿಗೆ ಜಮಾ ಆಗಿದೆಯಾ ನೋಡಿ. ಕಾರ್ಡ್ ಮುಚ್ಚಿದ ಮೇಲೆ ಅದು ಸಾಮಾನ್ಯವಾಗಿ ಕೈಗೆ ಬರುವುದಿಲ್ಲ.